ಆಟ ಶುರುವಾಗುವ ಮೊದಲು ಒಂದು ಮಾತು ಹೇಳಿ

(ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿಯ ಅಭಿಪ್ರಾಯ)

ಕಂಪ್ಯೂಟರಿನಲ್ಲೋ ಪ್ಲೇಸ್ಟೇಷನ್‌ನಲ್ಲೋ ದೊಡ್ಡ ಗೇಮ್ ತೆರೆದವರಿಗೆಲ್ಲ ಆ ಪರದೆ ಗೊತ್ತು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರಬಹುದು, ಅಂಥ ತೊಂದರೆ ಇದ್ದವರು ಆಡುವ ಮೊದಲು ಡಾಕ್ಟರನ್ನು ಕೇಳಿ ಎಂದು ಅದರಲ್ಲಿ ಬರೆದಿರುತ್ತದೆ. ನಾವು ಓದುವುದಿಲ್ಲ, ಬಟನ್ ಒತ್ತಿ ಮುಂದೆ ಹೋಗುತ್ತೇವೆ. ಆದರೆ ಆ ಪರದೆಯನ್ನು ತೆಗೆದುಹಾಕಿ ಎಂದು ಒತ್ತಾಯಿಸುವವರನ್ನು ನಾನು ಈವರೆಗೆ ನೋಡಿಲ್ಲ.

ಅದು ಸುಮ್ಮನೆ ಬಂದದ್ದಲ್ಲ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಬಂತು. ಅದರಲ್ಲಿ ಕೆಂಪು, ನೀಲಿ ಬೆಳಕು ಕೆಲವೇ ಸೆಕೆಂಡು ಬಹಳ ವೇಗವಾಗಿ ಮಿನುಗಿತು. ಅದನ್ನು ನೋಡಿದ ಸುಮಾರು 700 ಮಂದಿ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಆ ಕಂತು ಮತ್ತೆ ಪ್ರಸಾರವಾಗಲಿಲ್ಲ. 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಿಡುಗಡೆಯಾಗುವ ಹೊತ್ತಿಗೆ, ವಿಮರ್ಶೆ ಬರೆಯಲು ಅದನ್ನು ಆಡುತ್ತಿದ್ದ ಅಮೆರಿಕದ ಪತ್ರಕರ್ತೆಯೊಬ್ಬರಿಗೆ ಒಂದು ದೃಶ್ಯದ ಬೆಳಕಿನಿಂದ ಫಿಟ್ಸ್ ಬಂತು. ಅವರು ಬೇರೆಯವರು ಹುಷಾರಾಗಿರಲಿ ಎಂದು ಬರೆದರು. ಕೆಲವು ದುಷ್ಟರು ಅವರಿಗೆ ಬೇಕೆಂದೇ ಮಿನುಗುವ ವಿಡಿಯೊಗಳನ್ನು ಕಳುಹಿಸಿದ್ದೂ ನಡೆಯಿತು. ಆದರೆ ಗೇಮ್ ಮಾಡಿದ ಪೋಲೆಂಡಿನ ಕಂಪನಿ ಎಚ್ಚರಿಕೆ ಸೇರಿಸಿತು, ಕೆಲವೇ ದಿನಗಳಲ್ಲಿ ಆ ಬೆಳಕನ್ನೇ ಬದಲಿಸಿತು. ಕಥೆ ಹಾಳಾಯಿತು ಎಂದು ಯಾರೂ ಗೋಳಾಡಲಿಲ್ಲ.

ಮೆದುಳಿನ ಒಂದು ಬಗೆಯ ತೊಂದರೆಗೆ ಈ ಮರ್ಯಾದೆ ಸಿಗುತ್ತದೆ. ಅದೇ ಮೆದುಳಿನ ಇನ್ನೊಂದು ಬಗೆಯ ಗಾಯಕ್ಕೆ, ಅಂದರೆ ಕಣ್ಣಾರೆ ಕಂಡ ಸಾವು, ಮನೆಯೊಳಗಿನ ಹೊಡೆತ, ಆತ್ಮಹತ್ಯೆ, ದೌರ್ಜನ್ಯ ಉಳಿಸಿಹೋದ ಗಾಯಕ್ಕೆ, ಅದು ಸಿಗುವುದಿಲ್ಲ. ಗೇಮ್ ಶುರುವಾಗುವ ಮೊದಲು ‘ಇದರಲ್ಲಿ ಇಂಥದ್ದಿದೆ’ ಎಂದು ಹೇಳುವುದಕ್ಕೆ ಇಂಗ್ಲಿಷಿನವರು ಟ್ರಿಗರ್ ವಾರ್ನಿಂಗ್ ಎನ್ನುತ್ತಾರೆ. ಅದು ಬೇಕು ಎನ್ನುವುದು ನನ್ನ ವಾದ. ಬೇಡ ಎನ್ನುವವರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ, ಅದಕ್ಕೂ ಬರುತ್ತೇನೆ.

ಮೊದಲು ಆ ಶಬ್ದದ ತಂಟೆ ಮುಗಿಸೋಣ. ನಮ್ಮ ಕ್ಲಾಸಿನಲ್ಲಿ ಟ್ರಿಗರ್ ಅಂದರೆ ಬಿಜಿಎಂಐಯ ಫೈರ್ ಬಟನ್. ಇಲ್ಲವೆಂದರೆ ತಮಾಷೆ: ಯಾರಾದರೂ ಮುಖ ಸಣ್ಣದು ಮಾಡಿದರೆ ‘ಏ, ಟ್ರಿಗರ್ ಆಗ್ಬೇಡ ಮಾರಾಯ’. ಇದರಿಂದಾಗಿ ನಿಜವಾಗಿ ಟ್ರಿಗರ್ ಆದವನಿಗೆ ಹೇಳಿಕೊಳ್ಳಲು ಶಬ್ದವೇ ಇಲ್ಲದಂತಾಗಿದೆ. ವೈದ್ಯರು ಹೇಳುವ ಅರ್ಥ ಸರಳ. ಒಂದು ಭಯಂಕರ ಘಟನೆಯನ್ನು ಅನುಭವಿಸಿದವರಿಗೆ ಅದನ್ನು ನೆನಪಿಸುವ ಒಂದು ಶಬ್ದ, ವಾಸನೆ, ಚಿತ್ರ ಎದುರಾದಾಗ ಅದು ಬರೀ ನೆನಪಾಗಿ ಬರುವುದಿಲ್ಲ, ಈಗಲೇ ನಡೆಯುತ್ತಿರುವಂತೆ ಮೈಗೆ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಉಸಿರು ಸಿಕ್ಕುವುದಿಲ್ಲ. ಬೇಸರವಾಗುವುದೇ ಬೇರೆ, ಇದೇ ಬೇರೆ.

ನನ್ನ ಗೆಳೆಯನೊಬ್ಬನ ಮಾತು ಹೇಳಬೇಕು. ಅವನಿಗೆ ಓದಿಸಿ, ಅವನು ‘ಹಾಕು’ ಎಂದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಾಯಿಸಿದ್ದೇನೆ. ಮೂರು ವರ್ಷದ ಹಿಂದೆ ರಜೆಯಲ್ಲಿ ನೆಂಟರ ಮನೆಗೆ ಹೋಗಿದ್ದಾಗ ಅವನ ತಮ್ಮ ಹೊಳೆಯಲ್ಲಿ ಮುಳುಗಿ ತೀರಿಹೋದ. ಇವನು ದಡದಲ್ಲಿದ್ದ. ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ, ಎತ್ತಿದರೆ ಉಮ್ಮ ಎದ್ದು ಒಳಗೆ ಹೋಗುತ್ತಾರೆ. ಕಳೆದ ವರ್ಷ ಒಂದು ರಾತ್ರಿ ಇವನು ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ಒಂದು ಮುದ್ದಾದ ಸಾಹಸದ ಗೇಮ್ ಆಡುತ್ತಿದ್ದ. ಬಣ್ಣದ ಕಾಡು, ಪುಟ್ಟ ಹುಡುಗ, ಹಕ್ಕಿಗಳು. ಅದರ ಹೆಸರು ಬೇಡ, ಅಂಥವು ನೂರಾರು ಇವೆ. ಮೂರನೇ ಹಂತದಲ್ಲಿ ನೀರು ಬಂತು. ಸರಿಯಾದ ಹೊತ್ತಿಗೆ ಬಟನ್ ಒತ್ತದಿದ್ದರೆ ಆ ಪುಟ್ಟ ಹುಡುಗ ಕೈಕಾಲು ಬಡಿಯುತ್ತಾನೆ, ಗುಳ್ಳೆಗಳ ಶಬ್ದ ಬರುತ್ತದೆ, ಆಮೇಲೆ ಶಬ್ದ ನಿಲ್ಲುತ್ತದೆ. ಇವನು ಒತ್ತಲಿಲ್ಲ. ಫೋನ್ ಹಾಸಿಗೆಯ ಮೇಲೆ ಮಗುಚಿ ಹಾಕಿ ಹೊರಗೆ ಹೋದವನು ಬೆಳಗಿನವರೆಗೆ ವರಾಂಡದಲ್ಲಿ ಕೂತಿದ್ದ. ಮರುದಿನ ಕೆಮಿಸ್ಟ್ರಿ ಟೆಸ್ಟ್ ಬರೆಯಲಿಲ್ಲ. ಗೇಮಿನಲ್ಲಿ ಸೋತ ಸಿಟ್ಟು ಎಂದುಕೊಂಡು ನಾವು ನಾಲ್ಕು ದಿನ ತಮಾಷೆ ಮಾಡಿದೆವು.

ಆ ಗೇಮಿನ ಪುಟದಲ್ಲಿ ವಯಸ್ಸಿನ ಗುರುತು ಇತ್ತು: 7+. ತಪ್ಪೇನೂ ಇಲ್ಲ, ರಕ್ತವಿಲ್ಲ, ಬಂದೂಕಿಲ್ಲ, ಕೆಟ್ಟ ಮಾತಿಲ್ಲ. ವಯಸ್ಸಿನ ಗುರುತು ಇರುವಾಗ ಬೇರೆ ಎಚ್ಚರಿಕೆ ಯಾಕೆ ಎನ್ನುವವರಿಗೆ ನನ್ನ ಉತ್ತರ ಇದೇ. ವಯಸ್ಸಿನ ಗುರುತುಗಳು ಹುಟ್ಟಿದ್ದು ಬೇರೆ ಕಾರಣಕ್ಕೆ. ‘ಮಾರ್ಟಲ್ ಕಾಂಬ್ಯಾಟ್’ನಂಥ ಗೇಮ್‌ಗಳ ರಕ್ತಪಾತದ ಬಗ್ಗೆ ಅಮೆರಿಕದ ಸೆನೆಟ್ 1993ರಲ್ಲಿ ವಿಚಾರಣೆ ನಡೆಸಿತು. ಸರ್ಕಾರ ಕಾನೂನು ಮಾಡುವ ಮೊದಲೇ ಕಂಪನಿಗಳು 1994ರಲ್ಲಿ ತಮ್ಮದೇ ಇಎಸ್‌ಆರ್‌ಬಿ ಮಂಡಳಿ ಕಟ್ಟಿಕೊಂಡವು. ಯುರೋಪಿನ ಪೆಗಿ 2003ರಲ್ಲಿ ಬಂತು. ಇವೆಲ್ಲ ತಂದೆತಾಯಿಗಳಿಗೆ ಹೇಳುವ ಮಾತು: ಈ ವಯಸ್ಸಿನ ಮಗುವಿಗೆ ಇದು ಆಗಬಹುದು, ಇದು ಬೇಡ. ಆದರೆ ಗಾಯಕ್ಕೆ ವಯಸ್ಸಿಲ್ಲ. ನಲವತ್ತು ವರ್ಷದ ಮನುಷ್ಯನಿಗೂ 18+ ಎಂಬ ಗುರುತು ಏನನ್ನೂ ತಿಳಿಸುವುದಿಲ್ಲ. ‘ಹಿಂಸೆ’ ಎಂಬ ಒಂದೇ ಶಬ್ದದ ಕೆಳಗೆ ರಾಕ್ಷಸನನ್ನು ಹೊಡೆಯುವುದೂ ಬರುತ್ತದೆ, ಗಂಡ ಹೆಂಡತಿಯನ್ನು ಹೊಡೆಯುವುದೂ ಬರುತ್ತದೆ. (ನಮ್ಮಲ್ಲಿ 18 ತುಂಬದ ಎಷ್ಟು ಮಂದಿ 18+ ಗೇಮ್ ಆಡುತ್ತೇವೆ ಎಂಬುದನ್ನು ಈ ಪತ್ರಿಕೆಯನ್ನು ಉಪನ್ಯಾಸಕರೂ ಓದುವುದರಿಂದ ಇಲ್ಲಿ ಬರೆಯುವುದಿಲ್ಲ.)

ಸಿನಿಮಾ, ಕಥೆ, ಕಾದಂಬರಿಗಳಲ್ಲೂ ಇದೆಲ್ಲ ಇಲ್ಲವೇ ಎಂದು ಕೇಳಬಹುದು. ಇದೆ. ಆದರೆ ಗೇಮ್ ಒಂದು ವಿಷಯದಲ್ಲಿ ಬೇರೆ. ಪುಸ್ತಕದಲ್ಲಿ ಪುಟ ಹಾರಿಸಬಹುದು, ಥಿಯೇಟರಿನಲ್ಲಿ ಕಣ್ಣು ಮುಚ್ಚಿ ಕೂತರೂ ಸಿನಿಮಾ ಮುಂದೆ ಹೋಗುತ್ತದೆ. ಗೇಮಿನಲ್ಲಿ ಕಣ್ಣು ಮುಚ್ಚಿದರೆ ನೀನು ಸಾಯುತ್ತೀಯ, ಮತ್ತೆ ಅದೇ ಜಾಗದಿಂದ ಶುರುವಾಗುತ್ತದೆ. ಅದನ್ನು ದಾಟದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಅಲ್ಲದೆ ಮಾಡುವುದು ನಿನ್ನದೇ ಕೈ. ನನ್ನ ಗೆಳೆಯ ಆಮೇಲೆ ಹೇಳಿದ ಒಂದೇ ಮಾತು: ‘ನಾನು ಬಟನ್ ಒತ್ತದ್ದಕ್ಕೆ ಅವನು ಮುಳುಗಿದ.’ ಯಾವ ಅವನು ಎಂದು ನಾನು ಕೇಳಲಿಲ್ಲ.

ಈಗ ಎದುರು ವಾದ. ಅತಿ ಗಟ್ಟಿಯಾದದ್ದನ್ನೇ ತೆಗೆದುಕೊಳ್ಳೋಣ. ಮನಶ್ಶಾಸ್ತ್ರಜ್ಞರು ಈ ಎಚ್ಚರಿಕೆಗಳನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಘಾತ ಅನುಭವಿಸಿದ 451 ಮಂದಿಗೆ ಸಾಹಿತ್ಯದ ತುಣುಕುಗಳನ್ನು ಓದಲು ಕೊಟ್ಟರು. ಕೆಲವರಿಗೆ ಮೊದಲೇ ಎಚ್ಚರಿಕೆ ಇತ್ತು, ಕೆಲವರಿಗೆ ಇರಲಿಲ್ಲ. ಎಚ್ಚರಿಕೆಯಿಂದ ಉಪಯೋಗವಾದಂತೆ ಕಾಣಲಿಲ್ಲ. 2023ರಲ್ಲಿ ಇಂಥ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅದೇ ಫಲ. ಎಚ್ಚರಿಕೆ ಓದಿದವರ ನೋವು ಕಡಿಮೆಯಾಗಲಿಲ್ಲ, ಅವರು ಆ ವಿಷಯದಿಂದ ದೂರ ಸರಿಯಲೂ ಇಲ್ಲ, ಬದಲಿಗೆ ‘ಏನೋ ಬರಲಿದೆ’ ಎಂಬ ಆತಂಕ ಮಾತ್ರ ಸ್ವಲ್ಪ ಹೆಚ್ಚಾಯಿತು.

ಇದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಎಚ್ಚರಿಕೆ ಎಂಬುದು ಮದ್ದು, ಅದನ್ನು ಓದಿದರೆ ನೋವು ಕಡಿಮೆಯಾಗುತ್ತದೆ ಎನ್ನುವವರಿಗೆ ಈ ಅಧ್ಯಯನಗಳು ಸರಿಯಾಗಿಯೇ ಉತ್ತರ ಕೊಟ್ಟಿವೆ. ನಾನು ಹಾಗೆ ಹೇಳುತ್ತಿಲ್ಲ. ಬಸ್ಸಿನ ಬೋರ್ಡು ಪ್ರಯಾಣವನ್ನು ಸುಖಕರ ಮಾಡುವುದಿಲ್ಲ, ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತದೆ, ಅಷ್ಟೇ. ಇನ್ನೊಂದು ಮಾತೂ ಇದೆ. ಆ 2020ರ ಅಧ್ಯಯನದಲ್ಲಿ ಎಚ್ಚರಿಕೆಯ ನಂತರ ಬಂದದ್ದು ಅದೇ ತುಣುಕು. ಗೇಮಿನಲ್ಲಿ ಇನ್ನೊಂದು ದಾರಿ ಕೊಡಬಹುದು. ಎಚ್ಚರಿಕೆಯ ಜೊತೆಗೆ ಒಂದು ‘ದಾಟಿಸು’ ಬಟನ್ ಇದ್ದರೆ ಅದು ಬೇರೆಯೇ ವಸ್ತುವಾಗುತ್ತದೆ. ಬರೀ ‘ಹುಷಾರ್’ ಎಂದು ಹೇಳಿ ಅದೇ ಕೋಣೆಗೆ ತಳ್ಳಿದರೆ ಆತಂಕ ಹೆಚ್ಚಾಗದೆ ಇನ್ನೇನಾಗುತ್ತದೆ? ಆದ್ದರಿಂದ ನನ್ನ ಬೇಡಿಕೆ ಬರೀ ಫಲಕದ್ದಲ್ಲ. ಫಲಕ, ಮತ್ತು ಸಾಧ್ಯವಿರುವಲ್ಲೆಲ್ಲ ಪಕ್ಕದಲ್ಲಿ ಇನ್ನೊಂದು ಬಾಗಿಲು.

ಇದು ಆಗದ ಕೆಲಸವಲ್ಲ, ಆಗಿದೆ. ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ 2009ರಲ್ಲಿ ಬಂದಾಗ ಅದರಲ್ಲಿ ‘ನೋ ರಷ್ಯನ್’ ಎಂಬ ಹಂತವಿತ್ತು. ವಿಮಾನ ನಿಲ್ದಾಣವೊಂದರಲ್ಲಿ ಬಂದೂಕುಧಾರಿಗಳು ಸಾಮಾನ್ಯ ಜನರನ್ನು ಕೊಲ್ಲುತ್ತಾರೆ, ಆಟಗಾರ ಆ ಗುಂಪಿನಲ್ಲೇ ಇರುತ್ತಾನೆ. ಆ ಹಂತ ಇರಬೇಕಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಕಥೆ ಶುರುವಾಗುವಾಗಲೇ ಗೇಮ್ ಕೇಳುತ್ತದೆ: ಒಂದು ಹಂತ ಕೆಲವರ ಮನಸ್ಸು ಕಲಕಬಹುದು, ಅದನ್ನು ದಾಟಿಸುವ ಅವಕಾಶ ಬೇಕೇ? ದಾಟಿಸಿದರೆ ಯಾವ ನಷ್ಟವೂ ಇಲ್ಲ. ಅದಾಗಿ ಹದಿನೈದು ವರ್ಷಕ್ಕೂ ಹೆಚ್ಚಾಯಿತು.

ಎಚ್ಚರಿಕೆ ಕೊಟ್ಟರೆ ಕಥೆಯ ಗುಟ್ಟು ಬಯಲಾಗುತ್ತದೆ ಎನ್ನುವವರು ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ನೋಡಬೇಕು. 2017ರ ಉಚಿತ ಗೇಮ್, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನೋಡಲು ಗುಲಾಬಿ ಬಣ್ಣದ ಶಾಲೆಯ ಕಥೆ, ಕವಿತೆ ಬರೆಯುವ ಹುಡುಗಿಯರ ಗುಂಪು. ಒಳಗೆ ಆತ್ಮಹತ್ಯೆಯಿದೆ, ಮನಸ್ಸು ಕದಡುವ ಚಿತ್ರಗಳಿವೆ. ಇಡೀ ಗೇಮ್ ನಿಂತಿರುವುದೇ ಗುಟ್ಟಿನ ಮೇಲೆ. ಆದರೂ ಅದು ಮೊದಲ ಪರದೆಯಲ್ಲೇ, ಮಕ್ಕಳಿಗೂ ಬೇಗ ಮನಸ್ಸು ಕಲಕುವವರಿಗೂ ಇದು ತಕ್ಕದ್ದಲ್ಲ ಎಂದು ಹೇಳುತ್ತದೆ. ಲಕ್ಷಾಂತರ ಮಂದಿ ಅದನ್ನು ಓದಿಯೂ ಬೆಚ್ಚಿಬಿದ್ದರು, ಗುಟ್ಟು ಬಯಲಾಗಲಿಲ್ಲ. 2021ರ ಹೊಸ ಆವೃತ್ತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಬೇಕಾದವರು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಟ್ಟರೆ ಕಷ್ಟದ ದೃಶ್ಯಗಳಿಗೆ ಮುಂಚೆ ಸೂಚನೆ ಬರುತ್ತದೆ. ಬೇಡದವರಿಗೆ ಇಲ್ಲ. ಗುಟ್ಟೂ ಉಳಿಯಿತು, ಮನುಷ್ಯನೂ ಉಳಿದ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ನಿಂಜಾ ಥಿಯರಿ ಕಂಪನಿ 2017ರಲ್ಲಿ ಮಾಡಿದ ‘ಹೆಲ್‌ಬ್ಲೇಡ್’ ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ. ಅದರ ನಾಯಕಿ ಸೆನುವಾಗೆ ಸೈಕೋಸಿಸ್, ಅಂದರೆ ಇಲ್ಲದ ದನಿಗಳು ಕೇಳಿಸುವ, ಇಲ್ಲದ್ದು ಕಾಣಿಸುವ ಸ್ಥಿತಿ. ಹೆಡ್‌ಫೋನ್ ಹಾಕಿದರೆ ಆ ದನಿಗಳು ನಮ್ಮ ಕಿವಿಯ ಹಿಂದೆಯೇ ಪಿಸುಗುಟ್ಟುತ್ತವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರ ಜೊತೆಗೂ ಆ ಸ್ಥಿತಿಯನ್ನು ಸ್ವತಃ ಅನುಭವಿಸಿದವರ ಜೊತೆಗೂ ಕೂತು ಅದನ್ನು ಮಾಡಿದರು. ಗೇಮ್ ತೆರೆದಾಗ ಬರುವ ಎಚ್ಚರಿಕೆಯಲ್ಲಿ ಇದನ್ನೇ ಹೇಳುತ್ತಾರೆ, ಇಂಥ ಅನುಭವ ಇದ್ದವರಿಗೆ ಇದು ಕಷ್ಟವಾಗಬಹುದು ಎನ್ನುತ್ತಾರೆ, ಸಹಾಯಕ್ಕೆ ಎಲ್ಲಿ ನೋಡಬೇಕೆಂದೂ ತಿಳಿಸುತ್ತಾರೆ. ಎಚ್ಚರಿಕೆ ಕೊಟ್ಟದ್ದರಿಂದ ಗೇಮ್ ಮೆತ್ತಗಾಗಲಿಲ್ಲ. ಕಷ್ಟದ ವಿಷಯವನ್ನು ಅಷ್ಟು ಆಳಕ್ಕೆ ತೆಗೆದುಕೊಂಡು ಹೋಗಲು ಅವರಿಗೆ ಧೈರ್ಯ ಬಂದದ್ದರಲ್ಲಿ ಅದರ ಪಾಲೂ ಇದೆ ಎಂದು ನನಗನ್ನಿಸುತ್ತದೆ.

ಜೇಡದ ವಿಷಯದಲ್ಲಂತೂ ಕಂಪನಿಗಳು ಪೈಪೋಟಿಯ ಮೇಲೆ ಉಪಕಾರ ಮಾಡುತ್ತಿವೆ. ‘ಗ್ರೌಂಡೆಡ್’ ಎಂಬ ಗೇಮಿನಲ್ಲಿ ಒಂದು ಗೀಟನ್ನು ಎಳೆದರೆ ಜೇಡದ ಕಾಲುಗಳು ಒಂದೊಂದಾಗಿ ಮಾಯವಾಗಿ ಕೊನೆಗೆ ಬರೀ ಉಂಡೆ ತೇಲುತ್ತದೆ. ‘ಸ್ಯಾಟಿಸ್‌ಫ್ಯಾಕ್ಟರಿ’ಯಲ್ಲಿ ಜೇಡದ ಬದಲು ಬೆಕ್ಕಿನ ಚಿತ್ರ ಬಂದು ಅಟ್ಟಿಸಿಕೊಂಡು ಬರುತ್ತದೆ. ಜೇಡಕ್ಕೆ ಹೆದರುವವರಿಗೆ ಇಷ್ಟೆಲ್ಲ ಮಾಡಬಹುದಾದರೆ ತಮ್ಮನನ್ನು ಕಳಕೊಂಡವನಿಗೆ ಒಂದು ಸಾಲು ಬರೆಯಲು ಆಗುವುದಿಲ್ಲವೇ?

‘ಎಷ್ಟಕ್ಕೆಂದು ಬರೆಯುವುದು? ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಬೆಂಕಿ, ಮತ್ತೊಬ್ಬನಿಗೆ ಲಾರಿಯ ಹಾರ್ನ್.’ ಇದು ನಮ್ಮ ಕ್ಲಾಸಿನ ಒಬ್ಬ ಚರ್ಚಾಪಟುವಿನ ಪ್ರಶ್ನೆ. ನಿಜ, ಎಲ್ಲವನ್ನೂ ಬರೆಯಲಾಗದು. ಆದರೆ ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಮಗುವಿನ ಸಾವು, ಮನೆಯೊಳಗಿನ ಹಿಂಸೆ, ಮುಳುಗುವುದು, ಬೆಂಕಿ, ಅಪಘಾತ, ಗುಂಪುಹಿಂಸೆ ಎಂಬ ಹತ್ತು ಹನ್ನೆರಡು ಶಬ್ದಗಳ ಪಟ್ಟಿ ಬಹುಪಾಲು ಜನರಿಗೆ ಸಾಕು. ಕಂಪನಿಗಳು ಮಾಡದ್ದನ್ನು ಜನರೇ ಮಾಡಿಕೊಂಡಿದ್ದಾರೆ. ‘ಡಸ್ ದ ಡಾಗ್ ಡೈ’, ಅಂದರೆ ನಾಯಿ ಸಾಯುತ್ತದಾ, ಎಂಬ ತಾಣವೊಂದಿದೆ. ಸಿನಿಮಾದಲ್ಲಿ ನಾಯಿ ಸಾಯುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಶುರುವಾದ ಅದರಲ್ಲಿ ಈಗ ನೂರಕ್ಕೂ ಹೆಚ್ಚು ಪ್ರಶ್ನೆಗಳಿವೆ, ಗೇಮ್‌ಗಳೂ ಇವೆ. ಉತ್ತರ ಕೊಡುವವರು ನಮ್ಮಂಥ ಸಾಮಾನ್ಯರು. ಯಾರಿಗೂ ಬೇಡದ ವಸ್ತುವಾಗಿದ್ದರೆ ಅಷ್ಟು ಬೆಳೆಯುತ್ತಿರಲಿಲ್ಲ.

‘ಬದುಕು ಎಚ್ಚರಿಕೆ ಕೊಟ್ಟು ಬರುತ್ತದಾ?’ ಎಂದೂ ಕೇಳುತ್ತಾರೆ. ಬರುವುದಿಲ್ಲ, ಅದಕ್ಕೇ ಗಾಯವಾದದ್ದು. ಹೆದರಿಕೆಯನ್ನು ಎದುರಿಸಿಯೇ ಗೆಲ್ಲಬೇಕು ಎನ್ನುವುದೂ ಸರಿ. ಮನೋವೈದ್ಯರು ಆ ಚಿಕಿತ್ಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ರೋಗಿಯ ಒಪ್ಪಿಗೆ ಪಡೆದು, ಪಕ್ಕದಲ್ಲಿ ಕೂತು ಮಾಡುತ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ಇಯರ್‌ಫೋನ್ ಒಳಗೆ ಮಾಡುವುದಿಲ್ಲ.

ಇಲ್ಲಿ ಒಂದು ಗೊಂದಲ ಬೇಡ. ನಮ್ಮಲ್ಲಿ ಗೇಮ್‌ಗಳ ಬಗ್ಗೆ ಬೇರೆ ತಕರಾರುಗಳೂ ಇವೆ. 2008ರಲ್ಲಿ ಸೋನಿಯ ‘ಲಿಟಲ್ ಬಿಗ್ ಪ್ಲಾನೆಟ್’ನ ಒಂದು ಹಾಡಿನಲ್ಲಿ ಕುರ್‌ಆನಿನ ವಾಕ್ಯಗಳು ಇದ್ದುದರಿಂದ ಬಿಡುಗಡೆಯನ್ನೇ ಮುಂದೂಡಿದರು. 2021ರಲ್ಲಿ ‘ಕಾಲ್ ಆಫ್ ಡ್ಯೂಟಿ: ವ್ಯಾನ್‌ಗಾರ್ಡ್’ನಲ್ಲಿ ಕುರ್‌ಆನಿನ ಪುಟಗಳು ನೆಲದ ಮೇಲೆ ಬಿದ್ದಿದ್ದವು, ಕಂಪನಿ ಕ್ಷಮೆ ಕೇಳಿ ತೆಗೆಯಿತು. ಅಲ್ಲಿ ಆದದ್ದು ಅಗೌರವ, ಪರಿಹಾರ ಅದನ್ನು ತೆಗೆಯುವುದು. ನಾನು ಹೇಳುತ್ತಿರುವ ವಿಷಯದಲ್ಲಿ ಏನನ್ನೂ ತೆಗೆಯಬೇಕಿಲ್ಲ. ಎರಡನ್ನೂ ಬೆರೆಸಿದರೆ ‘ಇವರಿಗೆ ಎಲ್ಲವೂ ಬೇಡ’ ಎಂಬ ಮಾತು ಬರುತ್ತದೆ. ನನಗೆ ಕಷ್ಟದ ಗೇಮ್‌ಗಳು ಬೇಕು. 2014ರ ಗಾಝಾ ಯುದ್ಧದಲ್ಲಿ ಒಂದು ಕುಟುಂಬ ಓಡುವುದನ್ನು ತೋರಿಸುವ ‘ಲೈಲಾ ಆ್ಯಂಡ್ ದ ಶ್ಯಾಡೋಸ್ ಆಫ್ ವಾರ್’ ಎಂಬ ಪುಟ್ಟ ಗೇಮನ್ನು ಪ್ಯಾಲೆಸ್ತೀನಿನ ರಶೀದ್ ಅಬುಈದೆ 2016ರಲ್ಲಿ ಮಾಡಿದಾಗ ಆ್ಯಪಲ್ ಅದನ್ನು ಗೇಮ್ ಎಂದು ಒಪ್ಪಲೇ ಇಲ್ಲ, ಟೀಕೆ ಬಂದ ಮೇಲೆ ಒಪ್ಪಿತು. ಪೋಲೆಂಡ್ ಸರ್ಕಾರ ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ಜನರ ಕಥೆಯಾದ ‘ದಿಸ್ ವಾರ್ ಆಫ್ ಮೈನ್’ ಗೇಮನ್ನು 2020ರಲ್ಲಿ ಹೈಸ್ಕೂಲುಗಳ ಐಚ್ಛಿಕ ಓದಿನ ಪಟ್ಟಿಗೇ ಸೇರಿಸಿತು. ಇಂಥವು ಇನ್ನೂ ಬರಲಿ. ಬಾಗಿಲಲ್ಲಿ ಒಂದು ಮಾತು ಹೇಳಿ ಒಳಗೆ ಕರೆಯಲಿ.

ನಮ್ಮ ದೇಶಕ್ಕೆ ಎಚ್ಚರಿಕೆ ಎಂಬುದು ಹೊಸದೇನಲ್ಲ. ನಾಯಕ ಸಿಗರೇಟು ಹಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಅಕ್ಷರ ಮೂಡುತ್ತದೆ. ಒಟಿಟಿಗಳಿಗೆ 2021ರ ನಿಯಮಗಳು ವಯಸ್ಸಿನ ಗುರುತಿನ ಜೊತೆಗೆ ಒಳಗೆ ಏನಿದೆ ಎಂದೂ ಹೇಳಬೇಕೆಂದಿವೆ. ಗೇಮ್‌ಗಳಿಗೆ ಸಿನಿಮಾ ಮಂಡಳಿಯಂಥದ್ದು ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಕಣ್ಣು ಹಣ ಕಟ್ಟಿ ಆಡುವ ಆಟಗಳ ಮೇಲೆ. ಅದು ಬೇಕಾಗಿತ್ತು, ಆದರೆ ಕಥೆಯ ಒಳಗಿನ ವಿಷಯ ಅದಕ್ಕೆ ಸಂಬಂಧಿಸಿದ್ದಲ್ಲ. ಬಿಜಿಎಂಐ 2021ರಲ್ಲಿ ಬಂದಾಗ ರಕ್ತಕ್ಕೆ ಹಸಿರು ಬಣ್ಣ ಬಂತು, ‘ಕಿಲ್’ ಹೋಗಿ ‘ಫಿನಿಶ್’ ಬಂತು. ಬಣ್ಣ ಬದಲಾಯಿಸಿದರೆ ಸಾಕು ಎಂದುಕೊಳ್ಳುವುದು ಸುಲಭ. ಯಾರಿಗೆ ಏನು ತಾಗುತ್ತದೆ ಎಂದು ಯೋಚಿಸುವುದು ಕಷ್ಟ.

ದಿಲ್ಲಿಯ ಮಾತು ದಿಲ್ಲಿಗಿರಲಿ. ನಮ್ಮ ಕಾಲೇಜಿನಲ್ಲೇ ಆಗಬಹುದಾದದ್ದಿದೆ. ಕಳೆದ ಸಲದ ಫೆಸ್ಟ್‌ನಲ್ಲಿ ಕಂಪ್ಯೂಟರ್ ಲ್ಯಾಬಿನ ಲೈಟ್ ಆರಿಸಿ, ಪರದೆ ಎಳೆದು, ಹೆಡ್‌ಫೋನ್ ಕೊಟ್ಟು ಹಾರರ್ ಗೇಮ್ ಆಡಿಸಿದೆವು. ಒಳ್ಳೆಯ ಜನ ಸೇರಿತ್ತು, ಪಕ್ಕದ ಹೈಸ್ಕೂಲಿನ ಮಕ್ಕಳೂ ಬಂದಿದ್ದರು. ಹೊರಗಿನ ಬೋರ್ಡಿನಲ್ಲಿ ಇದ್ದದ್ದು ‘ಧೈರ್ಯ ಇದ್ದರೆ ಬಾ’ ಎಂದು ಮಾತ್ರ. ಹಾಗೆ ಬರೆದ ಮೇಲೆ ಹಿಂದೆ ಸರಿಯುವವನು ಹೇಡಿಯಾಗುತ್ತಾನೆ, ಅವನ ಮನೆಯಲ್ಲಿ ಏನಾಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕ್ಲಾಸಿನಲ್ಲಿ ವಿಡಿಯೊ ತೋರಿಸುವ ಉಪನ್ಯಾಸಕರಲ್ಲೂ ಒಂದು ವಿನಂತಿ. ಅಪಘಾತವೋ ಭೂಕುಸಿತವೋ ಅದರಲ್ಲಿದ್ದರೆ ಪ್ಲೇ ಒತ್ತುವ ಮೊದಲು ಹೇಳಿ, ಬೇಕಾದವರು ಕಾರಣ ಹೇಳದೆ ಲೈಬ್ರರಿಗೆ ಹೋಗಿಬರಲಿ. ಅಂಕೋಲಾದ ಶಿರೂರು, ಕೇರಳದ ವಯನಾಡು ಎರಡೂ 2024ರ ಜುಲೈಯಲ್ಲೇ ಆದವು. ಆ ಕಡೆ ನೆಂಟರಿರುವವರು ನಮ್ಮ ಬೆಂಚುಗಳಲ್ಲೂ ಇರಬಹುದು.

ಈ ಸಲದ ಫೆಸ್ಟ್ ಸಮಿತಿಗೆ ನಾನು ಬರೆದುಕೊಟ್ಟಿರುವ ಬೋರ್ಡಿನ ಮಾತು ಹೀಗಿದೆ:

‘ಈ ಕೋಣೆಯ ಗೇಮಿನಲ್ಲಿ ಕತ್ತಲೆ, ಕಿರುಚಾಟ, ಒಮ್ಮೆಲೇ ಎದುರಾಗುವ ಮುಖಗಳು, ಮಿನುಗುವ ಬೆಳಕು, ಒಬ್ಬ ಪಾತ್ರ ನೀರಿನಲ್ಲಿ ಮುಳುಗುವ ದೃಶ್ಯ ಇವೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೆಡ್‌ಫೋನ್ ತೆಗೆದು ಕೈ ಎತ್ತಿ. ಕಾರಣ ಕೇಳುವುದಿಲ್ಲ, ಟೋಕನ್ ವಾಪಸ್ ಕೊಡುತ್ತೇವೆ. ಪಕ್ಕದ ಕೋಣೆಯಲ್ಲಿ ಕಾರ್ ರೇಸ್ ಇದೆ. ಮನಸ್ಸಿಗೆ ಭಾರವಾದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.’

‘ಧೈರ್ಯ ಇದ್ದರೆ ಬಾ’ ಎಂಬುದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿಕೊಳ್ಳಲು ನನ್ನ ಅಭ್ಯಂತರವಿಲ್ಲ. ಸಮಿತಿಯ ಸಭೆ ಮುಂದಿನ ಶನಿವಾರ ಇದೆ. ತಿದ್ದುಪಡಿ ಇದ್ದವರು ಅಷ್ಟರೊಳಗೆ ಹೇಳಿ. ಹಾಳೆ, ಮಾರ್ಕರ್ ನಾನು ತರುತ್ತೇನೆ.